ಕಾಯಿ ಬೇರೆ, ಕೊಬ್ಬರಿ ಬೇರೆ

೪ ಜನವರಿ ೨೦೨೫, ಶನಿವಾರ

ಕೊಬ್ಬರಿ ಮಂಡಿಯವರು ಈ ವರ್ಷವೂ ಇವರಿಗೆ ಡೈರಿ ಕೊಟ್ಟರು. ಇವರು ಎಂದಿನಂತೆ ತಂದು ನನ್ನ ಮುಂದೆ ಹಾಕಿದರು. "ತಗೋ ಗುರುಶಾಂತಿ, ನಿನ್ನ ಬೈಗುಳದ ಪುಸ್ತಕ." ಅನ್ಲಿ ಬುಡು. ಮನೇಲಿ ಬೈದರೆ ಮಾತಿಗೆ ಮಾತು ಬೆಳೀತದೆ. ಡೈರಿ ಎದುರು ಮಾತಾಡಲ್ಲ, ಅದಕ್ಕೇ ನಂಗೆ ಇದರ ಮೇಲೆ ಪ್ರೀತಿ.

ಇವತ್ತು ಬೈಯೋದು ಬೇಕಾದಷ್ಟಿದೆ. ಮಗ ಜ್ಞಾನೇಶ, ಸೊಸೆ ದಾನೇಶ್ವರಿ ಇಬ್ಬರೂ ಮಗೂನ ತುಮಕೂರಿನ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿದ್ರು. ನನ್ನ ಮೊಮ್ಮಗಳು ಜೀವಿತಾಗೆ ಈಗ ನಾಕು ವರ್ಷ. ಹೋದ ವಾರ ಕಾಯಿ ಒಬ್ಬಟ್ಟು ತಿಂದು ತುಟಿ ಊದಿ, ಮೈಯೆಲ್ಲ ಗಂಧೆ ಎದ್ದು, ಕಣ್ಣೇ ಮುಚ್ಚಿ ಹೋಗಿತ್ತು. ಹೊಸದೇನಲ್ಲ. ಅನ್ನ ಉಣ್ಣಕ್ಕೆ ಶುರು ಮಾಡಿದಾಗಿಂದ ಹಿಂಗೇ. ನಾನು ಪಿತ್ತ ಅಂತ ಕಂಬಳಿ ಮೇಲೆ ಹೊರಳಾಡಿಸ್ತಿದ್ದೆ, ದೃಷ್ಟಿ ತೆಗೀತಿದ್ದೆ, ಇಳೀತಿತ್ತು. ಈ ಸಲ ದಾನೇಶ್ವರಿ ಕಂಬಳಿ ಮುಟ್ಟಕ್ಕೇ ಬಿಡಲಿಲ್ಲ. ಸ್ಕೂಲಲ್ಲಿ ಟೀಚರಾಗಿರೋರಿಗೆ ಅತ್ತೆ ಹೇಳಿದ್ದು ಹೆಂಗೆ ರುಚಿಸ್ತದೆ?

ಡಾಕ್ಟ್ರು ಮಗೂ ಕೈ ಮೇಲೆ ಸಾಲಾಗಿ ಹನಿ ಬಿಟ್ಟು, ಒಂದೊಂದನ್ನೂ ಚುಚ್ಚಿ ನೋಡಿದರಂತೆ. ಹಾಲು ಸರಿ, ಗೋಧಿ ಸರಿ, ಕಡ್ಲೇಕಾಯಿ ಸರಿ. ಕಾಯಿದು ಬಿಟ್ಟ ಕಡೆ ಮಾತ್ರ ಕೆಂಪಗೆ ದಪ್ಪಗೆ ಎದ್ದು ನಿಂತಿತಂತೆ. ಅಲರ್ಜಿ ಅಂತ ತೀರ್ಪು ಕೊಟ್ಟು ಕಳಿಸಿದ್ದಾರೆ.

ಕಾಯಿ ಅಲರ್ಜಿ! ತಿಪಟೂರಲ್ಲಿ! ಮೀನಿಗೆ ನೀರು ಆಗಲ್ಲ ಅಂದಂಗಾಯ್ತು. ನಾವು ತೆಂಗಿನಕಾಯಿ ಅಂತ ಬಾಯಿ ತುಂಬ ಹೇಳೋದೂ ಇಲ್ಲ. ಬದನೇಕಾಯಿ, ನುಗ್ಗೇಕಾಯಿ, ಉಳಿದ ಕಾಯಿಗಳಿಗೆಲ್ಲ ಮುಂದೊಂದು ಹೆಸರು ಬೇಕು. ಬರೀ ಕಾಯಿ ಅಂದ್ರೆ ಈ ಸೀಮೇಲಿ ಅದೊಂದೇ. ತೋಟದ ತುಂಬ ಅದೇ, ಅಟ್ಟದ ತುಂಬ ಅದೇ, ನಾವು ಉಣ್ಣೋ ಅನ್ನವೇ ಅದರದ್ದು. ಪ್ರತಿ ವರ್ಷ ಅಟ್ಟದಿಂದ ಇಳಿಸಿದ ಮೊದಲ ಕೊಬ್ಬರಿ ಒಡೆದು ನನ್ನ ಬಾಯಿಗಿಟ್ಟು, ನಾನು "ಸಿಹಿಯಾಗಿದೆ" ಅಂದ ಮೇಲೇ ಇವರು ಮಂಡಿಗೆ ಕಳಿಸೋದು. ಅಂಥ ಮನೆ ಮಗೂಗೆ ಕಾಯಿ ಆಗಲ್ಲವಂತೆ.

ನಮ್ಮ ಕಾಲದಲ್ಲಿ ಯಾರಿಗಿತ್ತು ಈ ಅಲರ್ಜಿ? ದಾನೇಶ್ವರಿ ಹೇಳ್ತಾಳೆ, ಅವಳ ಕ್ಲಾಸಲ್ಲೇ ಒಬ್ಬನಿಗೆ ಹಾಲು ಆಗಲ್ಲ, ಇನ್ನೊಬ್ಬಳಿಗೆ ಮೊಟ್ಟೆ ಆಗಲ್ಲ, ಮುಂಚೆಗಿಂತ ಇಂಥ ಮಕ್ಕಳು ಜಾಸ್ತಿ ಆಗಿದ್ದಾರೆ ಅಂತ. ಯಾಕೆ ಅಂದೆ. "ಪೂರ್ತಿ ಗೊತ್ತಿಲ್ಲವಂತೆ ಅತ್ತೆ." ಗೊತ್ತಿಲ್ಲದ್ದನ್ನ ಹೇಳಕ್ಕೆ ತುಮಕೂರಿಗೆ ಯಾಕೆ ಹೋಗಬೇಕಿತ್ತು? ನಾನೇ ಹೇಳ್ತಿರಲಿಲ್ವಾ?

೮ ಜನವರಿ

ದಾನೇಶ್ವರಿ ಸ್ಕೂಲಿಗೆ ಹೊರಡುವಾಗ ನನ್ನ ಕೈ ಹಿಡ್ಕೊಂಡು ಹೇಳಿದಳು. "ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ, ಜೀವಿಗೆ ಕಾಯಿ ಮಾತ್ರ ಮುಟ್ಟಿಸಬೇಡಿ." ಮಗು ಇಡೀ ದಿನ ನನ್ನ ಹತ್ರ ತಾನೆ ಇರೋದು.

ನಂಗೆ ನಂಬಿಕೆ ಇಲ್ಲದಿದ್ರೂ ಮಾತು ಅಂದ್ರೆ ಮಾತು. ಅವಳಿಗೆ ಬೇರೆ ಸಾರು, ಬೇರೆ ಪಲ್ಯ. ಚಟ್ನಿ ಬದಲು ಬೆಣ್ಣೆ. ತುರಿಯೋ ಮಣೆ ಹತ್ರಕ್ಕೂ ಬಿಡ್ತಿಲ್ಲ. ಕಾಯಿ ಬೇಡ ಅಂದ್ರಲ್ಲ, ಒಂದು ಚೂರು ಕಾಯಿ ಹೋಗಿದ್ರೆ ನನ್ನ ಹೆಸರು ಗುರುಶಾಂತಮ್ಮ ಅಲ್ಲ. ಯಾರೂ ನನ್ನ ಕಡೆ ಬೆರಳು ತೋರಿಸಂಗಿರಬಾರದು.

೧೧ ಜನವರಿ

ಗೆದ್ದೆ! ಜ್ಞಾನೇಶ ಊಟಕ್ಕೆ ಕೂತಾಗ ಮೊಬೈಲು ನೋಡ್ತಾ ನೋಡ್ತಾ ಓದಿದ. ಅಮೆರಿಕದ ಸರ್ಕಾರದವರು ಇಷ್ಟು ದಿನ ಕಾಯಿನ ಬಾದಾಮಿ, ಗೋಡಂಬಿ ಜೊತೆ ಒಂದೇ ಪಟ್ಟೀಲಿ ಇಟ್ಟಿದ್ರಂತೆ, ಅಲರ್ಜಿ ಆಗೋ ಬೀಜಗಳು ಅಂತ. ಈಗ ಈ ತಿಂಗಳೇ ಆ ಪಟ್ಟಿಯಿಂದ ಕಾಯಿನ ತೆಗೆದು ಹಾಕಿದ್ದಾರಂತೆ. ಅದು ಆ ಜಾತಿ ಬೀಜ ಅಲ್ಲ, ಹಣ್ಣಿನ ಜಾತಿ ಅಂತ ವಾದವಂತೆ.

"ನೋಡಿದ್ಯಾ? ದೊಡ್ಡ ದೊಡ್ಡ ದೇಶದವರೇ ಕೈಬಿಟ್ರು. ನಿಮ್ಮ ತುಮಕೂರು ಡಾಕ್ಟ್ರು ಅವರಿಗಿಂತ ಹೆಚ್ಚಾ?" ಅಂದೆ.

ದಾನೇಶ್ವರಿ ತಟ್ಟೆಯಿಂದ ತಲೆ ಎತ್ತದೆ ಹೇಳಿದಳು, "ಅತ್ತೆ, ಕಾಯಿ ಯಾವ ಜಾತಿ ಅಂತ ಅವರು ತೀರ್ಮಾನ ಮಾಡಿದ್ದು. ಜೀವಿಗೆ ಆಗ್ತದೋ ಇಲ್ವೋ ಅಂತ ಅಲ್ಲ. ಕಡ್ಲೇಕಾಯಿ ಹೆಸರಲ್ಲೂ ಕಾಯಿ ಅಂತಿದೆ, ಅದು ಬೇಳೆ ಜಾತಿ, ಅದು ಇವಳಿಗೆ ಆಗ್ತದೆ. ಹೆಸರು ಹಿಡ್ಕೊಂಡು ಕೂತ್ರೆ ಆಗಲ್ಲ."

ಎಲ್ಲದಕ್ಕೂ ಒಂದು ಉತ್ತರ ಇಟ್ಕೊಂಡಿರ್ತಾಳೆ. ಇವರು ಮಜ್ಜಿಗೆ ಸುರಕೊಂಡು ಎದ್ದು ಹೋದರು. ಈ ಮನೇಲಿ ನನ್ನ ಪರ ಅಂತ ಇರೋದು ಅಮೆರಿಕದ ಸರ್ಕಾರ ಒಂದೇ.

೧೪ ಜನವರಿ, ಸಂಕ್ರಾಂತಿ

ಹಬ್ಬ ಇಲ್ಲ. ಆಸ್ಪತ್ರೆಯಿಂದ ಈಗ ಬಂದೆ. ಜೀವಿ ಉಸಿರಾಡ್ತಾ ಇದಾಳೆ. ಮೊದಲು ಅದನ್ನ ಬರೀತೀನಿ. ಚೆನ್ನಾಗಿ ಉಸಿರಾಡ್ತಾ ಇದಾಳೆ, ಇನ್ನೊಂದಿನ ಅಲ್ಲೇ ಇಟ್ಕೋತಾರೆ, ಅಷ್ಟೆ.

ನಿನ್ನೆ ಮಧ್ಯಾಹ್ನ ಎಳ್ಳು ಬೆಲ್ಲಕ್ಕೆ ಅಂತ ಕೊಬ್ಬರಿ ಹೆಚ್ಚುತಾ ಕೂತಿದ್ದೆ. ಈ ವರ್ಷ ಜೀವಿನೇ ಹೊಸ ಲಂಗ ಉಟ್ಕೊಂಡು ಬೀದೀಲಿ ಎಳ್ಳು ಬೀರಬೇಕು ಅಂತಿತ್ತು. ಪಕ್ಕದಲ್ಲಿ ಕೂತು ಬೆಲ್ಲದ ಅಚ್ಚು ಜೋಡಿಸ್ತಿದ್ದಳು. "ಅಜ್ಜಿ, ನಂಗೊಂದು" ಅಂತ ಕೈ ಒಡ್ಡಿದಳು. ಮುಂಚೆ ಕೊಟ್ರೆ ಉಗೀತಿದ್ದ ಮಗು ತಾನಾಗೇ ಕೇಳ್ತಿದೆಯಲ್ಲ ಅಂತ ನಂಗೆ ಖುಷಿ. ಕಾಯಿ ಬೇಡ ಅಂದಿದ್ದಾರೆ, ಕಾಯಿ ಕೊಡ್ತಿಲ್ಲವಲ್ಲ. ಇದು ಕೊಬ್ಬರಿ. ಒಂದು ಚೂರು ಕೊಬ್ಬರಿ, ಒಂದು ಚೂರು ಬೆಲ್ಲ. ತಿಂದು ಇನ್ನೊಂದು ಅಂದಳು. ಕೊಟ್ಟೆ.

ಕೊಬ್ಬರಿ ಎತ್ತಿಡೋ ಮುಂಚೆನೇ ಕೆಮ್ಮು ಶುರುವಾಯ್ತು. ತುಟಿ ಊದ್ತು. ಆಮೇಲೆ ಕೆಮ್ಮೂ ನಿಂತು ಎದೇಲಿ ಸುಯ್ ಅಂತ ಸದ್ದು. ಬೀದಿಗೆ ಓಡಿ ಕೂಗಿಕೊಂಡೆ. ಎದುರುಮನೆ ಪುಷ್ಪಲತಾ ನನ್ನ ಕೂಗು ಕೇಳಿ ಓಡಿಬಂದು, ಮಗೂನ ಎತ್ಕೊಂಡು ಅವರ ಕಾರಿಗೆ ಹಾಕಿದಳು. ದಾರಿಯುದ್ದಕ್ಕೂ ಜೀವಿ ನನ್ನ ಸೆರಗು ಹಿಡ್ಕೊಂಡಿದ್ದಳು. ಅರ್ಧ ದಾರೀಲಿ ಆ ಹಿಡಿತ ಸಡಿಲ ಆಯ್ತು. ಅದನ್ನ ಬರಿಯಕ್ಕೆ ಆಗ್ತಿಲ್ಲ.

ಸೂಜಿ ಹಾಕಿದ ಮೇಲೆ ಡ್ಯೂಟಿ ಡಾಕ್ಟ್ರಮ್ಮ ಕೇಳಿದರು, "ಏನು ತಿಂದಳು? ಕಾಯಿ ಕೊಟ್ರಾ?"

"ಇಲ್ಲ ಕಣ್ರೀ ಡಾಕ್ಟ್ರೇ, ಕಾಯಿ ಮುಟ್ಟಿಸಿಲ್ಲ. ಕೊಬ್ಬರಿ."

ಆಯಮ್ಮ ನನ್ನ ಮುಖ ನೋಡಿದರು. ಕಲಬುರಗಿ ಕಡೆಯವರಂತೆ. "ಅಜ್ಜಿ, ಎರಡೂ ಒಂದೇ ಅಲ್ಲೇನ್ರೀ?"

ಒಂದೇ ಅಲ್ಲ! ಕಾಯಿ ಅಂದ್ರೆ ಹಸಿದು, ನೀರಿರೋದು. ಅದನ್ನ ಅಟ್ಟದ ಮೇಲೆ ವರ್ಷ ಪೂರ್ತಿ ಹಾಕಿ, ನೀರೆಲ್ಲ ಇಂಗಿ, ಚಿಪ್ಪು ಬಿಟ್ಟು ಒಳಗೆ ಉಂಡೆಯಾಗಿ ಆಡಬೇಕು, ಆಗ ಕೊಬ್ಬರಿ. ಬೆಲೆ ಬೇರೆ, ಮಂಡಿ ಬೇರೆ, ಹೆಸರೇ ಬೇರೆ. ತಿಪಟೂರಲ್ಲಿ ಯಾರನ್ನಾದ್ರೂ ಕೇಳಲಿ. ಇಷ್ಟೆಲ್ಲ ಹೇಳಬೇಕು ಅಂತ ಬಾಯಿ ತೆಗೆದೆ. ಅಷ್ಟೊತ್ತಿಗೆ ದಾನೇಶ್ವರಿ ಸ್ಕೂಲಿಂದ ಓಡಿಬಂದು ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಳು. ಬೈಯಲಿಲ್ಲ. "ತಪ್ಪು ನಂದೇ, ನಾನು ಕಾಯಿ ಅಂತಲೇ ಹೇಳಿದ್ದೆ" ಅಂತ ಗೋಡೆಗೆ ಒರಗಿ ಕೂತುಬಿಟ್ಟಳು.

ಬೈದಿದ್ರೆ ಚೆನ್ನಾಗಿತ್ತು.

೧೬ ಜನವರಿ

ದಾನೇಶ್ವರಿ ಸ್ಕೂಲಿಗೆ ರಜಾ ಹಾಕಿ, ಮಗೂನ ಕರ್ಕೊಂಡು ತುರುವೇಕೆರೆಗೆ ಅವಳ ತೌರಿಗೆ ಹೋದಳು. ಬಸ್‌ಸ್ಟ್ಯಾಂಡಿಂದ ಬಂದ ಜ್ಞಾನೇಶ ಮುಖ ತಿರುಗಿಸಿಕೊಂಡೇ ಹೇಳಿದ. "ಅಡುಗೆಮನೇಲಿ ಕಾಯಿ, ಅಟ್ಟದಲ್ಲಿ ಕೊಬ್ಬರಿ. ಈ ಮನೇಲಿ ಮಗೂನ ಬಿಟ್ಟು ಸ್ಕೂಲಿಗೆ ಹೆಂಗೆ ಹೋಗಲಿ ಅಂತ ಕೇಳ್ತಾಳೆ. ತುಮಕೂರಲ್ಲಿ ಮನೆ ಮಾಡೋಣ ಅಂತಿದಾಳಮ್ಮ."

ಮಾಡ್ಲಿ. ತುರುವೇಕೆರೇಲಿ ಏನು ಸೇಬಿನ ತೋಟ ಇದೆಯಾ? ಅಲ್ಲೂ ಮನೆ ಮುಂದೆ ಅದೇ ಮರ. ತುಮಕೂರಲ್ಲಿ ಹೋಟೆಲ್ ಚಟ್ನಿಗೆ ಏನು ಹಾಕ್ತಾರಂತೆ?

೧೭ ಜನವರಿ

ಬೆಲ್ಲದ ಅಚ್ಚು ಅವಳು ಜೋಡಿಸಿಟ್ಟಂಗೇ ಇದೆ. ಇರುವೆ ಮುತ್ತಿದೆ. ತೆಗೀಲಿಲ್ಲ.

೧೯ ಜನವರಿ, ಭಾನುವಾರ

ಹೊನ್ನವಳ್ಳೀಲಿರೋ ನನ್ನ ತಮ್ಮ ಶಿವಮೂರ್ತಿ ಮಗು ಹೆಂಗಿದೆ ಅಂತ ಫೋನ್ ಮಾಡಿದ್ದ. ನಾನು ಶುರು ಹಚ್ಚಿಕೊಂಡೆ. ನಮ್ಮ ಕಾಲದಲ್ಲಿ ಯಾರಿಗಿತ್ತೋ ಇದೆಲ್ಲ, ನಮ್ಮನೇಲಿ ಯಾರಿಗಾದ್ರೂ ಇತ್ತಾ, ಅಂತ. ಅವನು ಮೆಲ್ಲಗೆ ಅಂದ, "ಅಕ್ಕ, ನಂಗೂ ಕಾಯಿ ತಿಂದ್ರೆ ಬಾಯೆಲ್ಲ ತುರಿಸೋದು, ಗಂಟಲು ಬಿಗಿಯೋದು. ಈಗಲೂ."

ಶಿವಮೂರ್ತಿ ಚಿಕ್ಕವನಿದ್ದಾಗ ಚಟ್ನಿ ತಟ್ಟೆ ತಳ್ಳಿದಾಗೆಲ್ಲ ಅಮ್ಮ ಬೆನ್ನಿಗೆ ಹಾಕೋಳು. ಸೊಕ್ಕು ಅನ್ನೋಳು. ಇಡೀ ಮನೆ ಅವನನ್ನ ಚಟ್ನಿರಾಯ ಅಂತ ಆಡಿಕೊಳ್ಳೋದು. ಮದುವೆಯಾದ ಮೇಲೆ ಅವನ ಹೆಂಡತೀನೂ ಹಂಗೇ ಕರೀತಿದ್ಲು.

"ಹೇಳಬಾರದಿತ್ತೇನೋ?"

"ಯಾರಕ್ಕ ಕೇಳಿದ್ರು?"

ಅವನಿಗೆ ಈಗ ಐವತ್ತು ದಾಟಿದೆ. ಫೋನ್ ಇಟ್ಟ ಮೇಲೆ ಅಮ್ಮನ ಮೇಲೆ ಸಿಟ್ಟು ಬಂತು, ಅವಳು ಹೋಗಿ ಎಷ್ಟೋ ಕಾಲ ಆಯ್ತು. ಯಾರ ಮೇಲೆ ತೀರಿಸಿಕೊಳ್ಳಲಿ? ಇವರು ಕಾಫಿ ಕೇಳಿದರು, ಅವರ ಮೇಲೆ ತೀರಿಸಿಕೊಂಡೆ.

೨೬ ಜನವರಿ, ಭಾನುವಾರ

ಬೆಳಿಗ್ಗೆ ಎದ್ದವಳೇ ಅಡುಗೆಮನೆ ಖಾಲಿ ಮಾಡಿದೆ. ಕಾಯಿ, ಕೊಬ್ಬರಿ, ತುರಿಯೋ ಮಣೆ, ಕಾಯಿ ರುಬ್ಬಿ ರುಬ್ಬಿ ಜಿಡ್ಡು ಹಿಡಿದಿದ್ದ ಮಿಕ್ಸಿ ಜಾರು, ಕೊಬ್ಬರಿ ಎಣ್ಣೆ ಬಾಟಲಿ, ಚಟ್ನಿಪುಡಿ, ಹುಳಿಪುಡಿ. ಎಲ್ಲ ಎತ್ತಿ ತೋಟದ ಮನೆಗೆ ಸಾಗಿಸಿದೆ. ಹುಳಿಪುಡೀಲೂ ಕೊಬ್ಬರಿ ಇರ್ತದೆ ಅಂತ ಈ ಮನೇಲಿ ನಂಗೊಬ್ಬಳಿಗೇ ಗೊತ್ತು. ಪುಡಿ ಮಾಡೋಳು ನಾನು ತಾನೆ.

ಇವರು ಬಾಗಿಲಲ್ಲಿ ನಿಂತು ನೋಡಿದರು. "ಏನೇ ಇದು? ಕೊಬ್ಬರಿ ಮಾರೋರ ಮನೇಲಿ ಕೊಬ್ಬರಿ ಇಲ್ಲ ಅಂದ್ರೆ ನಾಕು ಜನ ಏನಂದಾರು?"

"ಎಣ್ಣೆ ಗಾಣದವರು ಎಣ್ಣೆ ಕುಡೀತಾರಾ? ಮಾರೋದು ನಿಮ್ಮ ಕೆಲಸ, ಮಾರ್ಕೊಳ್ಳಿ. ಅಡುಗೆಮನೆ ನಂದು."

ಸೊಸೆ ಹೇಳಿದ್ಲು ಅಂತ ಮಾಡಿದ್ದಲ್ಲ ಇದು. ಅವಳು ಹೇಳಿಯೂ ಇಲ್ಲ. ನನ್ನ ಮನೇಲಿ ನಂಗೆ ಬೇಕಾದಂಗೆ ಇಟ್ಕೋತೀನಿ, ಯಾರನ್ನ ಕೇಳಬೇಕು?

ಗುರುಶಾಂತಮ್ಮನಿಗೆ ಕಾಯಿ ಇಲ್ಲದೆ ಅಡುಗೆ ಬರಲ್ಲ ಅಂದ್ಕೊಂಡಿದ್ದಾರೆ ಜನ. ಹುರಿಗಡಲೆ, ಎಳ್ಳು, ಕಡ್ಲೇಬೀಜ ಹುರಿದು ಹೊಸದಾಗಿ ಹುಳಿಪುಡಿ ಮಾಡಿದೆ. ಮೊದಲನೇ ಸಲ ಕಹಿಯಾಯ್ತು, ಚೆಲ್ಲಿದೆ. ಎರಡನೇದರಲ್ಲಿ ಮಾಡಿದ ಸಾರು ಗಂಜಿ ತರ ಆಯ್ತು. ಮೂರನೇದನ್ನ ಇವರು ಎರಡು ಸಲ ಹಾಕಿಸ್ಕೊಂಡು ಉಂಡ್ರು. ಚೆನ್ನಾಗಿದೆ ಅನ್ನಲಿಲ್ಲ. ಅವರು ಯಾವತ್ತು ಅಂದಿದ್ದಾರೆ?

೨ ಫೆಬ್ರುವರಿ, ಭಾನುವಾರ

ಹೊಸ ಹುಳಿಪುಡಿಯ ಸಾರು ಮಾಡಿ, ಕ್ಯಾರಿಯರ್ ತುಂಬ ತುಂಬ್ಕೊಂಡು ತುರುವೇಕೆರೆ ಬಸ್ಸು ಹತ್ತಿದೆ. ಹೇಳದೆ ಕೇಳದೆ ಹೋಗಿ ಬೀಗರ ಮನೆ ಬಾಗಿಲು ತಟ್ಟಿದೆ. ಮರ್ಯಾದೆ ಗಿರ್ಯಾದೆ ಆಮೇಲೆ.

ಜೀವಿ ಓಡಿಬಂದು ಕಾಲು ತಬ್ಬಿಕೊಂಡಳು. ಆಮೇಲೆ ತಲೆ ಎತ್ತಿ ಕೇಳಿದಳು, "ಅಜ್ಜಿ, ಇದರಲ್ಲಿ ಕೊಬ್ಬರಿ ಇದೆಯಾ?" ನನ್ನನ್ನ ಕೇಳ್ತಾಳೆ! ಇಷ್ಟುದ್ದ ಮಗು. ಕೇಳಲಿ, ಯಾರನ್ನಾದ್ರೂ ಕೇಳಲಿ, ನನ್ನನ್ನೂ ಕೇಳಲಿ.

ಬೀಗರ ಮುಂದೆಯೇ ದಾನೇಶ್ವರಿಗೆ ಅಂದೆ, "ಕಾಯಿ ಅಂದ್ರೆ ಒಬ್ಬರಿಗೆ ಹಸೀದು, ಒಬ್ಬರಿಗೆ ಒಣಗಿದ್ದು. ಕೊಬ್ಬರಿ ಬೇಡ ಅಂದ್ರೆ ಎಳನೀರು ಕೊಡ್ತಾರೆ. ಎಳನೀರು ಬೇಡ ಅಂದ್ರೆ ಕೊಬ್ಬರಿ ಎಣ್ಣೇಲಿ ಕರೀತಾರೆ. ನಮ್ಮ ಜನಕ್ಕೆ ಅದೇ ಮರಕ್ಕೆ ಹತ್ತು ಹೆಸರು. ಮಗೂಗೆ ಮರದ ಹೆಸರು ಕಲಿಸು. ತೆಂಗಿನ ಮರದ್ದು ಯಾವುದೂ ಆಗಲ್ಲ, ಅಂತ."

ಅವಳು ಕ್ಯಾರಿಯರ್ ಮುಚ್ಚಳ ತೆಗೆದು ಮೂಸಿ ನೋಡಿದಳು. "ಅಡುಗೆಮನೇಲಿ ಈಗ ಏನೂ ಇಲ್ವಾ ಅತ್ತೆ?"

"ಬಂದು ಹುಡುಕಿಕೋ. ಒಂದು ಎಳೆ ನಾರು ಸಿಕ್ಕಿದ್ರೆ ವಾಪಸ್ ಹೋಗು."

ಸಾರು ನಾಲಿಗೆಗೆ ಹಚ್ಚಿ ನೋಡಿದ ಬೀಗಿತ್ತಿ, "ಕಾಯಿ ಹಾಕಿದ್ರೆ ಇನ್ನೂ ಚೆನ್ನಾಗಿರ್ತಿತ್ತು" ಅಂದ್ರು. ಕೆಲವರಿಗೆ ಬಾಯಿ ಮುಚ್ಕೊಂಡು ಉಣ್ಣಕ್ಕೇ ಬರಲ್ಲ.

೭ ಫೆಬ್ರುವರಿ

ಬಂದರು. ದಾನೇಶ್ವರಿ ನಿಜವಾಗಿಯೂ ಡಬ್ಬ ಡಬ್ಬ ತೆಗೆದು ಹುಡುಕಿದಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಾನೇ ಮೇಲಿನ ಡಬ್ಬಗಳನ್ನ ಇಳಿಸಿಕೊಟ್ಟೆ.

ತುಮಕೂರಿನ ಡಾಕ್ಟ್ರು ಒಂದು ಸೂಜಿಮದ್ದು ಕೊಟ್ಟಿದ್ದಾರೆ. ಉಸಿರು ಕಟ್ಟಿದರೆ ಕಾಯಬಾರದು, ತೊಡೆಗೆ ಚುಚ್ಚಿ ಆಸ್ಪತ್ರೆಗೆ ಓಡಬೇಕು. ದಾನೇಶ್ವರಿ ಸ್ಕೂಲಲ್ಲಿರ್ತಾಳೆ, ಗಂಡಸರು ಮಂಡೀಲಿರ್ತಾರೆ. ಮನೇಲಿರೋಳು ನಾನು. ಖಾಲಿ ಸಿರಿಂಜಿಗೆ ನೀರು ತುಂಬಿ ಬದನೇಕಾಯಿಗೆ ಚುಚ್ಚಿ ಚುಚ್ಚಿ ಕಲಿತೆ. ಮೊದಮೊದಲು ಸೂಜಿ ಪಕ್ಕಕ್ಕೆ ಜಾರ್ತಿತ್ತು. ಇವರು ಹೊಸಿಲ ಮೇಲೆ ಕೂತು, "ಬದನೇಕಾಯಿ ಬದುಕಿತೇನೇ?" ಅಂದ್ರು. "ನಿಮ್ಮ ತೊಡೆ ಕೊಡಿ, ಅದರಲ್ಲೇ ಕಲೀತೀನಿ" ಅಂದೆ. ಎದ್ದು ಹೋದ್ರು.

ಈಗ ಜಾರಲ್ಲ.

೨೬ ಫೆಬ್ರುವರಿ, ಶಿವರಾತ್ರಿ

ತಂಬಿಟ್ಟಿಗೆ ಕೊಬ್ಬರಿ ಹಾಕಲಿಲ್ಲ. ಎಳ್ಳು, ಹುರಿಗಡಲೆ, ಕಡ್ಲೇಬೀಜ ಅಷ್ಟೆ. ಶಿವನಿಗೆ ಎಡೆ ಇಟ್ಟೆ. ಅವನೇನೂ ಅನ್ನಲಿಲ್ಲ. ಪಕ್ಕದ ಬೀದಿಯವರು ಅಂದರು.

೯ ಮಾರ್ಚ್, ಭಾನುವಾರ

ಇವತ್ತಿಂದು ಎಲ್ಲ ಬರಿಯದೆ ಬಿಡಲ್ಲ.

ನನ್ನ ನಾದಿನಿ ಚನ್ನಬಸಮ್ಮನದು ಚಿಕ್ಕನಾಯಕನಹಳ್ಳೀಲಿ ಹೊಸ ಮನೆ ಗೃಹಪ್ರವೇಶ. ಅವಳು ಇವರಿಗೆ ಒಬ್ಬಳೇ ತಂಗಿ, ಹೋಗದೆ ಆಗಲ್ಲ. ದಾನೇಶ್ವರಿ ಬೇಡ ಅಂದಳು. "ಎಷ್ಟು ದಿನ ಅಂತ ಬಚ್ಚಿಡ್ತೀಯಾ? ನಾನಿದ್ದೀನಿ, ನಡಿ" ಅಂದೆ. ಜೀವಿ ಊಟ ಡಬ್ಬೀಲಿ, ಸೂಜಿಮದ್ದು ನನ್ನ ಸೊಂಟದ ಚೀಲದಲ್ಲಿ.

ಹೋದ ಕೂಡಲೆ ಶುರುವಾಯ್ತು. ಮಗು ಯಾಕೆ ಇಷ್ಟು ಸೊರಗಿದೆ, ಊಟ ಯಾಕೆ ಮನೆಯಿಂದ ತಂದ್ರಿ, ನಮ್ಮ ಕೈಯಡುಗೆ ಆಗಲ್ವಾ. ಚನ್ನಬಸಮ್ಮ ಎಲ್ಲರ ಮುಂದೆ, "ಈಗಿನ ಹುಡುಗೀರು ಮಕ್ಕಳನ್ನ ಗಾಜಿನ ಗೊಂಬೆ ಮಾಡಿಟ್ಟವ್ರೆ ಕಣತ್ತಿಗೆ. ಒಂದು ಸಲ ತಿನ್ನಿಸಿ ನೋಡು, ಅಭ್ಯಾಸ ಆಗೋಯ್ತದೆ" ಅಂದಳು. ದಾನೇಶ್ವರಿ ಮುಖ ಕೆಳಗೆ ಹಾಕ್ಕೊಂಡಳು. ನಾನು ಸುಮ್ಮನಿದ್ದೆ. ಗೃಹಪ್ರವೇಶದ ಮನೆ ಅಂತ ಸುಮ್ಮನಿದ್ದೆ, ಹೆದರಿ ಅಲ್ಲ.

ಮಠದ ಸ್ವಾಮಿಗಳು ಬಂದಿದ್ದರು, ಬುದ್ಧಿಯವರ ಪಾದಪೂಜೆ ಆಯ್ತು. ಎಲ್ಲರೂ ಸಾಲಾಗಿ ಹೋಗಿ ನಮಸ್ಕಾರ ಮಾಡಿ ಪ್ರಸಾದ ತಗೋತಿದ್ರು. ತಟ್ಟೇಲಿ ಇದ್ದದ್ದು ಕೊಬ್ಬರಿ ಸಕ್ಕರೆ. ನಾನು ಜೀವಿನ ಹಿಂದಕ್ಕೆ ಎಳ್ಕೊಳ್ಳೋ ಅಷ್ಟರಲ್ಲಿ ಚನ್ನಬಸಮ್ಮ ಅವಳ ಕೈ ಹಿಡಿದು ಮುಂದೆ ನಿಲ್ಲಿಸಿದ್ದಳು. ಬುದ್ಧಿಯವರು ಒಂದು ಚಿಟಿಕೆ ಅಂಗೈಗೆ ಹಾಕಿದರು.

ಜೀವಿ ಅಂಗೈ ನೋಡಿದಳು. ಬಾಯಿಗೆ ಹಾಕ್ಕೊಳ್ಳಲಿಲ್ಲ. ಜನ ಎಲ್ಲ ಕಾಯ್ತಾ ಇದ್ರು. ಪ್ರಸಾದ ಬೇಡ ಅನ್ನೋದು ನಮ್ಮಲ್ಲಿಲ್ಲ, ಅದು ಮಗೂಗೂ ಗೊತ್ತು. ತಲೆ ಎತ್ತಿ ಗಟ್ಟಿಯಾಗಿ ಹೇಳಿದಳು, "ಬುದ್ಧಿ, ನಂಗೆ ತೆಂಗಿನ ಮರದ್ದು ಯಾವುದೂ ಆಗಲ್ಲ."

ಯಾರೋ ನಕ್ಕರು. ಚನ್ನಬಸಮ್ಮ ಬಗ್ಗಿ ಮಗೂ ಮಣಿಕಟ್ಟು ಹಿಡಿದು ಬಾಯಿ ಹತ್ರ ತಂದಳು. "ಬುದ್ಧಿಯವರ ಕೈಯಿಂದ ಬಂದಿದ್ದು ಏನೂ ಮಾಡಲ್ಲ, ತಿನ್ನು ಕಂದ. ಇದು ಕಾಯಿ ಅಲ್ಲ ಕಣೇ, ಕೊಬ್ಬರಿ!"

ಆಗ ನಂಗೆ ಮೈ ಮೇಲೆ ಪ್ರಜ್ಞೆ ಇರಲಿಲ್ಲ. ನಾದಿನಿ ಕೈ ಮೇಲೆ ರಪ್ ಅಂತ ಒಂದು ಕೊಟ್ಟೆ. ಬುದ್ಧಿಯವರ ಎದುರಿಗೆ, ಅಷ್ಟು ಜನದ ನಡುವೆ.

"ಕೊಬ್ಬರೀನೂ ಕಾಯೀನೇ ಕಣೇ! ಒಣಗಿಸಿದ ತಕ್ಷಣ ಬೇರೆ ಮರದ್ದಾಗೋಯ್ತಾ? ಕೊಬ್ಬರಿ ಸೀಮೇಲಿ ಹುಟ್ಟಿ ಬೆಳೆದು ಅಷ್ಟೂ ಗೊತ್ತಿಲ್ವಾ ನಿಂಗೆ?"

ಪ್ರಸಾದ ಇನ್ನೂ ಮಗೂ ಅಂಗೈಯಲ್ಲೇ ಇತ್ತು, ನೆಲಕ್ಕೆ ಬೀಳಿಸಿರಲಿಲ್ಲ ನನ್ನ ಬಂಗಾರ. ಅದನ್ನ ನನ್ನ ಅಂಗೈಗೆ ಸುರಿದುಕೊಂಡೆ. "ಬುದ್ಧಿ, ಇವಳ ಪಾಲಿಂದು ನಾನು ತಗೋತೀನಿ. ಇವತ್ತು, ಮುಂದೆ, ಯಾವಾಗ ಕೊಟ್ರೂ ನಾನೇ ತಗೋತೀನಿ. ತಪ್ಪು ಅನ್ನಿಸಿದ್ರೆ ನಂಗೇ ಬರಲಿ" ಅಂದು ಬಾಯಿಗೆ ಹಾಕ್ಕೊಂಡೆ. ಬುದ್ಧಿಯವರು ತಟ್ಟೆ ಪಕ್ಕದಲ್ಲಿದ್ದ ಬಾಳೆಹಣ್ಣು ತೆಗೆದು ಜೀವಿ ಕೈಗೆ ಕೊಡಕ್ಕೆ ಹೋದರು. "ಕೈ ತೊಳೆದ ಮೇಲೆ, ಬುದ್ಧಿ" ಅಂದೆ. ಸೋಪು ಹಚ್ಚಿ ತೊಳೆಸಿಕೊಂಡು ಬಂದ ಮೇಲೆ, ಮೇಲಿನೆರಡು ಹಣ್ಣು ಸರಿಸಿ ಕೆಳಗಿಂದು ಕೊಟ್ಟರು.

ಬಾಡಿಗೆ ಕಾರು ಹತ್ತುವಾಗ ಜೀವಿ ನನ್ನ ಕತ್ತು ತಬ್ಬಿ ಮುತ್ತು ಕೊಡಕ್ಕೆ ಬಂದಳು. ದೂರ ತಳ್ಳಿದೆ. ಬಾಯೆಲ್ಲ ಕೊಬ್ಬರಿ ಇತ್ತಲ್ಲ! ಮಗು ಮುಖ ಸಣ್ಣದಾಯ್ತು. ದಾರೀಲಿ ಕಾರು ನಿಲ್ಲಿಸಿ ಬಾಟಲಿ ನೀರೆಲ್ಲ ಮುಕ್ಕಳಿಸಿ ಉಗಿದೆ, ಆದರೂ ಧೈರ್ಯ ಬರಲಿಲ್ಲ. ಮನೆಗೆ ಬರೋ ಅಷ್ಟರಲ್ಲಿ ಅವಳು ನಿದ್ದೆ ಹೋಗಿದ್ದಳು.

ಒಂದು ಅರ್ಥ ಆಗಲಿಲ್ಲ. ನಾನು ಚನ್ನಬಸಮ್ಮನಿಗೆ ಅಷ್ಟು ಬೈತಿರಬೇಕಾದ್ರೆ ದಾನೇಶ್ವರಿ ಸೆರಗು ಬಾಯಿಗಿಟ್ಟುಕೊಂಡು ನಗ್ತಿದ್ದಳು. ಕಣ್ಣಲ್ಲಿ ನೀರೂ ಇತ್ತು. ಅದರಲ್ಲಿ ನಗೋದೇನಿತ್ತೋ. ಕೊಬ್ಬರಿ ಬೇರೆ ಅಂತ ವಾದ ಮಾಡೋ ಜನ ಇದ್ದಾರಲ್ಲ, ಅದಕ್ಕೆ ಅಳಬೇಕು.

೧೧ ಮಾರ್ಚ್

ಚನ್ನಬಸಮ್ಮ ಇವರಿಗೆ ಫೋನ್ ಮಾಡಿ ಅತ್ತಳಂತೆ. ಇನ್ನು ನಿಮ್ಮನೆ ಮೆಟ್ಟಿಲು ಹತ್ತಲ್ಲ ಅಂದಳಂತೆ. ಇವರು ಹೇಳಿ ಫೋನು ನನ್ನ ಮುಂದೆ ಇಟ್ಟರು. ನಾನು ಕ್ಷಮೆ ಕೇಳಲಿ ಅಂತ ಕಾಯ್ತಿದ್ರು ಅನ್ಸುತ್ತೆ.

ಮೆಟ್ಟಿಲು ಹತ್ತೋದು ಬಿಡೋದು ಅವಳಿಷ್ಟ. ಹತ್ತಿದ್ರೆ ಕೈ ತೊಳ್ಕೊಂಡು ಹತ್ತಲಿ.

೬ ಏಪ್ರಿಲ್, ಭಾನುವಾರ

ಅಟ್ಟದಿಂದ ಈ ವರ್ಷದ ಮೊದಲ ಕೊಬ್ಬರಿ ಇಳಿಸಿದರು. ಈ ಸಲ ತೋಟದ ಮನೆ ಅಂಗಳಕ್ಕೆ ಸಾಗಿಸಿ, ಅಲ್ಲೇ ಸುಲಿದು ಗುಡ್ಡೆ ಹಾಕಿದ್ರು. ದಾನೇಶ್ವರಿ ಬಟ್ಟೆ ಒಣಗಿಸ್ತಿದ್ದಳು, ಜೀವಿನ ಆಚೆ ಹುಣಸೆಮರದ ಕಟ್ಟೆ ಮೇಲೆ ಕೂರಿಸಿದ್ದೆ. ಅವಳು ಅಲ್ಲಿಂದಲೇ ಕಾಲು ಆಡಿಸ್ತಾ ಎಲ್ಲ ನೋಡ್ತಿದ್ದಳು.

ನಾನು ಒಂದೊಂದೇ ಚಿಪ್ಪು ಎತ್ತಿ ಕಿವಿ ಹತ್ರ ಅಲ್ಲಾಡಿಸಿದೆ. ಒಳಗೆ ಉಂಡೆ ಗಡಗಡ ಅಂತ ಆಡ್ತು. "ಚೆನ್ನಾಗಿ ಒಣಗಿದೆ ಕಣ್ರೀ, ಕಳಿಸಿ" ಅಂದೆ. ಇವರು ಒಂದನ್ನ ಒಡೆದು, ಎಂದಿನಂತೆ ಮೊದಲ ಚೂರು ನನ್ನ ಮುಂದೆ ಹಿಡಿದರು. ನಾನು ಈ ಮನೆಗೆ ಕಾಲಿಟ್ಟ ವರ್ಷದಿಂದ ಹಿಡೀತಾ ಬಂದಿದ್ದಾರೆ.

"ಬ್ಯಾಡ."

"ಯಾಕೆ? ನೀನು ಸಿಹಿ ಅನ್ನದೆ ಮಂಡಿಗೆ ಹೆಂಗೆ ಕಳಿಸಲಿ?"

"ಕಿವಿಗೆ ಗೊತ್ತಾಯ್ತಲ್ಲ, ಬಾಯಿಗೆ ಯಾಕೆ?"

"ಚಿಕ್ಕನಾಯಕನಹಳ್ಳೀಲಿ ತಿಂದೆಯಲ್ಲೇ!"

"ಅದು ಅವಳ ಪಾಲಿಂದು. ಇದು ನಂದು. ನಂದು ಬ್ಯಾಡ."

ಚೂರು ಹಂಗೇ ಹಿಡ್ಕೊಂಡು ನಿಂತಿದ್ರು. ಕಟ್ಟೆ ಮೇಲಿಂದ ಜೀವಿ ಕೂಗಿದಳು, "ತಾತ, ಅಜ್ಜಿಗೂ ತೆಂಗಿನ ಮರದ್ದು ಯಾವುದೂ ಆಗಲ್ಲ!"

"ಹೂಂ ಕಣ್ರೀ. ನಂಗೂ ಆಗಲ್ಲ" ಅಂದೆ.

ಇವರು ನಗಲಿಲ್ಲ. ಚೂರನ್ನ ತಾವೂ ತಿನ್ನದೆ ಗುಡ್ಡೆ ಮೇಲೆ ಇಟ್ಟರು. ನಾನು ಕೊಳಾಯಿ ಹತ್ರ ಹೋಗಿ ಸೋಪು ಹಚ್ಚಿ ಮೊಣಕೈವರೆಗೂ ತೊಳೆದೆ, ಕಿವಿಯನ್ನೂ ತೊಳೆದೆ. ಸೀರೆ ಬದಲಾಯಿಸಿ ಬಂದು ಕಟ್ಟೆ ಮೇಲೆ ಕೂತೆ. ಜೀವಿ ನನ್ನ ಕೆನ್ನೆಗೆ ಮುತ್ತು ಕೊಟ್ಟಳು. ನಾನೂ ಕೊಟ್ಟೆ. ಬಾಯಿ ಮುಕ್ಕಳಿಸೋ ಕೆಲಸ ಇರಲಿಲ್ಲ.